ಬಾಯಿ ಮುಚ್ಚಿ ಕೂರುವ ಪರೀಕ್ಷೆ

ದೊಡ್ಡಕ್ಕನಿಗೆ ತನ್ನ ಓರಗಿತ್ತಿಯ ಮೇಲೆ ಹೊಟ್ಟೆಕಿಚ್ಚು ಹತ್ತಿಕೊಂಡಿದ್ದು ಒಡವೆಯ ವಿಷಯಕ್ಕಲ್ಲ, ಅಡುಗೆಮನೆಯ ಯಜಮಾನಿಕೆಗೂ ಅಲ್ಲ. ಮುಖ ನೋಡದ ಯಾರೋ ಒಬ್ಬರು ಬರೆದ "ಓದೋಕೆ ಚೆನ್ನಾಗಿದೆ" ಎಂಬ ಒಂದು ಮಾತಿಗೆ.

ದೊಡ್ಡಕ್ಕ ನಮ್ಮ ಗ್ರಂಥಾಲಯದ ಕೌಂಟರಿನಲ್ಲಿ ಕೂರುವವರು. ನಾನು ಅವರ ಹಿಂದಿನ ಮೇಜಿನಲ್ಲಿ ಹರಿದ ಪುಸ್ತಕಗಳಿಗೆ ಬೆನ್ನು ಅಂಟಿಸುವವಳು. ಅಂಟು ಒಣಗುವವರೆಗೆ ಕೈಗೆ ಕೆಲಸವಿರುವುದಿಲ್ಲ, ಕಿವಿಗೆ ಇರುತ್ತದೆ. ಹಾಗಾಗಿ ಅವರ ಸಂಕಟವನ್ನು ಹತ್ತಿರದಿಂದ ಕೇಳಿಸಿಕೊಂಡವಳು ನಾನೇ.

ಮನೆಗೆ ಹಿರಿಸೊಸೆಯಾದ್ದರಿಂದ ಮೈದುನ ಅವರನ್ನು ದೊಡ್ಡಕ್ಕ ಎಂದು ಕರೆಯುತ್ತಿದ್ದ. ಅದನ್ನು ಕೇಳಿ ಬೀದಿಯವರು ಹಾಗೆ ಕರೆದರು, ಆಮೇಲೆ ಪುಸ್ತಕಕ್ಕೆ ಬರುವವರೂ ಹಾಗೆಯೇ ಕರೆದರು. ಕೊನೆಗೆ ಎಲ್ಲೆಲ್ಲಿಯದೋ ಗ್ರಂಥಾಲಯಗಳವರು ಕಾಗದ ಬರೆಯುವಾಗಲೂ ದೊಡ್ಡಕ್ಕನೇ. ಅಷ್ಟು ದೂರದವರೆಗೆ ಅವರ ಹೆಸರು ಹೋಗಿದ್ದು ಒಂದು ಪ್ರೋಗ್ರಾಮಿನಿಂದ. ಯಾವ ಪುಸ್ತಕ ಯಾರ ಹತ್ತಿರ ಇದೆ, ಯಾವತ್ತು ವಾಪಸ್ ಬರಬೇಕು ಎಂದು ಕಂಪ್ಯೂಟರಿನಲ್ಲಿ ನೋಡಿಕೊಳ್ಳುವ ಪ್ರೋಗ್ರಾಂ ಅದು. ಗ್ರಂಥಾಲಯಕ್ಕೆ ಕಂಪ್ಯೂಟರು ಬಂದಾಗ ಅದರೊಳಗೆ ಹಾಕಲು ಏನೂ ಇರಲಿಲ್ಲ. ಯಾರೂ ಒಯ್ಯದೆ ಧೂಳು ಹಿಡಿದಿದ್ದ ಪ್ರೋಗ್ರಾಮಿಂಗ್ ಪಠ್ಯಪುಸ್ತಕವನ್ನು ದೊಡ್ಡಕ್ಕ ಮನೆಗೆ ಒಯ್ದು, ತಾವೇ ಕಲಿತು, ಇಬ್ಬರು ಓದುಗರ ನಡುವೆ ಸಿಗುವ ಬಿಡುವಿನಲ್ಲಿ ಸ್ವಲ್ಪ ಸ್ವಲ್ಪವೇ ಬರೆದರು.

ಬರೆದದ್ದನ್ನು ಮುಚ್ಚಿಟ್ಟುಕೊಳ್ಳಲಿಲ್ಲ. ಅದು ಮುಕ್ತ ತಂತ್ರಾಂಶ. ಬೇಕಾದವರು ಬಿಟ್ಟಿಯಾಗಿ ತೆಗೆದುಕೊಳ್ಳಬಹುದು, ಒಳಗೆ ಹೇಗೆ ಬರೆದಿದೆ ಎಂದು ಬಿಚ್ಚಿ ನೋಡಬಹುದು, ತಮಗೆ ಬೇಕಾದಂತೆ ತಿದ್ದಬಹುದು. ತಿದ್ದಿದ್ದನ್ನು ಎಲ್ಲರಿಗೂ ಸಿಗಲಿ ಎಂದು ವಾಪಸ್ ಕಳಿಸಿದರೆ, ಅದನ್ನು ಸೇರಿಸಬೇಕೋ ಬೇಡವೋ ಎಂದು ಹೇಳುವ ಅಧಿಕಾರ ಮಾತ್ರ ದೊಡ್ಡಕ್ಕನದು. ಆ ಅಧಿಕಾರವನ್ನು ಅವರು ಬೀಗದಕೈ ಎನ್ನುತ್ತಿದ್ದರು. ಅಂಥ ಬೀಗದಕೈ ಯಾರ ಸೊಂಟದಲ್ಲೂ ಕಾಣುವುದಿಲ್ಲ, ಆದರೆ ಅದನ್ನು ಇಟ್ಟುಕೊಂಡವರ ನಡಿಗೆಯಲ್ಲಿ ಗೊತ್ತಾಗುತ್ತದೆ.

ಬಂದದ್ದೆಲ್ಲವನ್ನೂ ಸೇರಿಸಿದರೆ ಪ್ರೋಗ್ರಾಂ ಚಿಂದಿ ಗಂಟಾಗುತ್ತದೆ. ಯಾವುದರ ವಿನ್ಯಾಸ ಒಳ್ಳೆಯದು, ಯಾವುದು ಮೇಲೆ ಥಳುಕು ಒಳಗೆ ಹುಳುಕು ಎಂದು ತೀರ್ಮಾನಿಸುವುದು ಹೇಗೆ? ಪ್ರೋಗ್ರಾಮನ್ನು ಓದಿ ಅಂಕ ಕೊಡುವ ಯಂತ್ರಗಳೇ ಇವೆಯಂತೆ, ಎಷ್ಟು ಉದ್ದವಿದೆ, ಎಷ್ಟು ಸಿಕ್ಕುಸಿಕ್ಕಾಗಿದೆ ಎಂದು ಅಳೆದು ಹೇಳುತ್ತವಂತೆ. ದೊಡ್ಡಕ್ಕನಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. ನಾಳೆ ಬಂದು ಅದನ್ನು ತಿದ್ದುವ ಕಷ್ಟ ಯಂತ್ರಕ್ಕಿಲ್ಲವಲ್ಲ ಎನ್ನುತ್ತಿದ್ದರು. ಅದಕ್ಕೆ ಅವರೇ ಒಂದು ಪದ್ಧತಿ ಮಾಡಿದ್ದರು. ಆ ಪ್ರೋಗ್ರಾಮಿನ ಒಳಗನ್ನು ಎಂದೂ ನೋಡದ ಒಬ್ಬರನ್ನು ಕರೆದು, ಒಂದು ಸಣ್ಣ ಬದಲಾವಣೆ ಮಾಡಲು ಹೇಳುವುದು. ಬರೆದವರು ಅವರ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂರಬೇಕು. ಬಾಯಿ ಬಿಡುವ ಹಾಗಿಲ್ಲ. ಕೆಮ್ಮುವ ಹಾಗೂ ಇಲ್ಲ ಎಂದು ನಗುತ್ತಾ ಸೇರಿಸುತ್ತಿದ್ದರು. ಬರೆದವರು ಬಾಯಿ ಬಿಟ್ಟರೆ ಅವರ ವಿನ್ಯಾಸ ಸೋತಂತೆ. ಒಳ್ಳೆಯ ವಿನ್ಯಾಸ ತಾನೇ ದಾರಿ ಹೇಳಬೇಕು ಎಂಬುದು ಅವರ ವಾದ. ದೂರದವರ ಮಟ್ಟಿಗೆ ಇದೆಲ್ಲ ಕಂಪ್ಯೂಟರಿನ ಮೂಲಕವೇ ನಡೆಯುತ್ತಿತ್ತು. ಎಷ್ಟೋ ಮಂದಿಯ ಕೆಲಸವನ್ನು ದೊಡ್ಡಕ್ಕ ಹೀಗೆ ಪರೀಕ್ಷೆಗೆ ಹಚ್ಚಿ ವಾಪಸ್ ಕಳಿಸಿದ್ದರು. ತಮ್ಮದನ್ನು ಮಾತ್ರ ಯಾವತ್ತೂ ಹಚ್ಚಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಆಗ ಆ ಮನೆಗೆ ಕಿರಿಸೊಸೆ ಬಂದಳು. ದೊಡ್ಡಕ್ಕನ ಮಕ್ಕಳು ಚಿಕ್ಕಮ್ಮ ಎನ್ನಲು ಸೋಮಾರಿತನ ಮಾಡಿ ಚಿಕ್ಕಿ ಎಂದರು, ಅದೇ ನಿಂತಿತು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ ಅವಳದು. "ಇದು ಕಾಣತ್ತಾ, ಇದು ಕಾಣತ್ತಾ" ಎಂದು ದಿನವಿಡೀ ಕೇಳಿ ಕೇಳಿ ಅವಳಿಗೆ ಬೇರೆಯವರಿಗೆ ಏನು ಕಾಣುವುದಿಲ್ಲ ಎಂಬುದೇ ತಲೆಯಲ್ಲಿ. ಅವಳಿಗೆ ಪ್ರೋಗ್ರಾಂ ಬರೆಯಲು ಕಲಿಸಿದ್ದು ಸ್ವತಃ ದೊಡ್ಡಕ್ಕ, ಊಟದ ಮೇಜಿನ ಮೇಲೆ, ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ. ಮೊದಮೊದಲು ಎಷ್ಟು ಹೆಮ್ಮೆ ಎನ್ನುತ್ತೀರಿ. ನಮ್ಮ ಚಿಕ್ಕಿ ಒಂದು ಸಲ ಹೇಳಿದರೆ ಸಾಕು, ಹಿಡಿದುಕೊಳ್ಳುತ್ತಾಳೆ ಎಂದು ನನ್ನ ಮುಂದೆ ಹೇಳಿದ್ದೇ ಹೇಳಿದ್ದು.

ಚಿಕ್ಕಿ ಹಿಡಿದುಕೊಂಡಳು, ಬಿಡಲೂ ಇಲ್ಲ. ಪ್ರೋಗ್ರಾಮಿನದೊಂದು ಪ್ರತಿ ಮಾಡಿಕೊಂಡು ಅದನ್ನು ಬುಡದಿಂದ ಬೇರೆ ಥರ ಕಟ್ಟತೊಡಗಿದಳು. ದೊಡ್ಡಕ್ಕನದು ಒಂದೇ ದೊಡ್ಡ ಹಜಾರದಂತಿತ್ತು, ಬೇಕಾದ್ದೆಲ್ಲ ಅಲ್ಲೇ, ಕೈಗೆಟಕುವಂತೆ. ಚಿಕ್ಕಿ ಅದನ್ನು ಸಣ್ಣ ಸಣ್ಣ ಕೋಣೆಗಳಾಗಿ ಒಡೆದಳು. ಪುಸ್ತಕ ಕೊಡುವುದು ಒಂದು ಕೋಣೆ, ವಾಪಸ್ ಪಡೆಯುವುದು ಒಂದು, ಕಾಯುತ್ತಿರುವವರ ಸಾಲು ಇನ್ನೊಂದು. ಒಂದು ಕೋಣೆಯವರು ಮತ್ತೊಂದರ ಗೂಡಿಗೆ ಕೈಹಾಕುವ ಹಾಗಿಲ್ಲ, ಬಾಗಿಲಲ್ಲಿ ನಿಂತು ಕೇಳಬೇಕು. ಪ್ರತಿ ಬಾಗಿಲಿಗೂ ಹೆಸರು, ಹೆಸರಿನ ಕೆಳಗೆ ಇಲ್ಲಿ ಏನು ನಡೆಯುತ್ತದೆ ಎಂದು ಎರಡು ಸಾಲು.

ಅದನ್ನು ನೋಡಿದ ಯಾವುದೋ ಗ್ರಂಥಾಲಯದವರು ಎಲ್ಲರೂ ಓದುವ ಜಾಗದಲ್ಲಿ ಬರೆದರು, ಓದೋಕೆ ಚೆನ್ನಾಗಿದೆ, ಯಾರೋ ಕೈಹಿಡಿದು ಮನೆಯೆಲ್ಲ ತೋರಿಸಿದ ಹಾಗಿದೆ ಎಂದು.

ದೊಡ್ಡಕ್ಕ ಅದನ್ನು ನನಗೆ ಓದಿ ಹೇಳಿದರು. ಆ ದನಿ ಅವರದಲ್ಲ, ಅಣಕಿಸುವ ದನಿ.

"ಪ್ರೋಗ್ರಾಂ ಓದೋಕೆ ಚೆನ್ನಾಗಿದೆಯಂತೆ. ಕಾದಂಬರಿ ನೋಡು ಅದು."

ಆಮೇಲೆ ಪುಸ್ತಕ ತಂದ ಒಬ್ಬ ಮುದುಕರಿಗೆ ತಾರೀಖಿನ ಮುದ್ರೆ ಎಷ್ಟು ಜೋರಾಗಿ ಒತ್ತಿದರೆಂದರೆ, ಪಾಪ ಅವರು ತಡವಾಗಿದೆಯೇ ಎಂದು ಹೆದರಿ ಕೇಳಿದರು. ಇಷ್ಟು ವರ್ಷ ದೊಡ್ಡಕ್ಕನಿಗೆ ಬಂದ ಕಾಗದಗಳಲ್ಲಿ ಇದ್ದದ್ದು ಒಂದೇ ಮಾತು. ಕೆಲಸ ಮಾಡ್ತಾ ಇದೆ, ಥ್ಯಾಂಕ್ಸ್. ಅದೇ ದೊಡ್ಡ ಮಾತೆಂದು ಅವರು ತಿಳಿದಿದ್ದರು. ಚೆನ್ನಾಗಿದೆ ಎಂದು ಕೂಡ ಜನ ಹೇಳಬಲ್ಲರು ಎಂಬುದು ಅವರಿಗೆ ಗೊತ್ತಾಗಿದ್ದೇ ಅದು ಚಿಕ್ಕಿಯ ಪಾಲಿಗೆ ಹೋದಾಗ.

ಅಲ್ಲಿಂದ ಶುರುವಾಯಿತು. ಊಟದ ಬಿಡುವಿನಲ್ಲಿ ದೊಡ್ಡಕ್ಕ ಡಬ್ಬಿಯನ್ನು ಮುಚ್ಚಳ ಸಮೇತ ಪಕ್ಕಕ್ಕಿಟ್ಟು ಚಿಕ್ಕಿ ಬರೆದದ್ದನ್ನು ತೆರೆಯುತ್ತಿದ್ದರು. ಅಕ್ಕಿಯಲ್ಲಿ ಕಲ್ಲು ಹೆಕ್ಕುವವರ ಹಾಗೆ ಸಾಲು ಸಾಲಾಗಿ ಹೋಗುತ್ತಿದ್ದರು. ಇಲ್ಲೊಂದು ಹೆಸರು ಉದ್ದವಾಯಿತು, ಅಲ್ಲೊಂದು ಸಾಲು ಎರಡು ಸಲ ಬಂದಿದೆ. ಸಿಕ್ಕಿದ್ದನ್ನೆಲ್ಲ ಎಲ್ಲರಿಗೂ ಕಾಣುವಂತೆ ಬರೆದು ಹಾಕುತ್ತಿದ್ದರು. ಚಿಕ್ಕಿ ಸಂಜೆಗೆ ಅದನ್ನೆಲ್ಲ ತಿದ್ದಿ, ಕೆಳಗೆ ಥ್ಯಾಂಕ್ಸ್ ಅಕ್ಕ ಎಂದು ಬರೆಯುತ್ತಿದ್ದಳು.

"ಮುಖಕ್ಕೆ ನೀರು ಎರಚಿದ್ರೂ ಒರೆಸ್ಕೊಂಡು ಥ್ಯಾಂಕ್ಸ್ ಅಂತಾಳೆ ಕಣೇ," ಎಂದರು ದೊಡ್ಡಕ್ಕ ನನ್ನ ಹತ್ತಿರ. "ಜಗಳ ಆಡೋಕೂ ಬಿಡಲ್ಲ."

ಕಲ್ಲು ಸಿಗದ ದಿನಗಳೇ ಅವರಿಗೆ ಹೆಚ್ಚು ಕಷ್ಟ. ಒಂದು ಮಧ್ಯಾಹ್ನ ಓದುತ್ತಾ ಓದುತ್ತಾ ಅವರ ತಲೆ ತಾನಾಗಿಯೇ ಹೌದೆಂಬಂತೆ ಆಡಿತು. ಮರುಗಳಿಗೆಯಲ್ಲೇ ಯಾರಾದರೂ ನೋಡಿದರೇನೋ ಎಂದು ಅತ್ತಿತ್ತ ನೋಡಿದರು. ನಾನು ತಲೆ ತಗ್ಗಿಸಿ ಅಂಟು ಕಲಸಿದೆ. ತಾವು ವರ್ಷಗಟ್ಟಲೆ ಹೆಣಗಿ, ಇದು ಹೀಗೆಯೇ, ಬೇರೆ ದಾರಿಯಿಲ್ಲ ಎಂದು ಬಿಟ್ಟಿದ್ದ ಜಾಗವೊಂದನ್ನು ಅವಳು ಸರಾಗವಾಗಿ ದಾಟಿದ್ದಳು. ಅದೆಷ್ಟು ಚೆನ್ನಾಗಿದೆ ಎಂದು ತಿಳಿಯಲು ಅಲ್ಲಿ ಒದ್ದಾಡಿದವರೇ ಬೇಕು. ಹಾಗೆ ಒದ್ದಾಡಿದವರು ದೊಡ್ಡಕ್ಕ ಒಬ್ಬರೇ.

ಮನೆಯಲ್ಲಿ ಅವರ ಅತ್ತೆಗೆ ಪ್ರೋಗ್ರಾಮಿನ ಗಂಧಗಾಳಿ ಇಲ್ಲ, ಆದರೆ ಕಣ್ಣು ಚುರುಕು. ಇಬ್ಬರೂ ಅದೇ ಪೆಟ್ಟಿಗೆಯ ಮುಂದೆ ಕೂರುತ್ತೀರಿ, ಅವಳು ನಗುತ್ತಾ ಏಳುತ್ತಾಳೆ, ನೀನು ಮಾತ್ರ ಹುಳಿ ಕಚ್ಚಿದವಳ ಹಾಗೆ ಏಳುತ್ತೀಯಲ್ಲ, ಇಬ್ಬರಿಗೂ ಬೇರೆ ಬೇರೆ ಕಾಣುತ್ತದಾ ಅದರಲ್ಲಿ ಎಂದು ಕೇಳಿದರಂತೆ. ದೊಡ್ಡಕ್ಕ ಪಾತ್ರೆಗಳನ್ನು ಸ್ವಲ್ಪ ಸದ್ದಾಗುವಂತೆ ಜೋಡಿಸಿದರಂತೆ.

ಹೀಗಿರುವಾಗ ಗ್ರಂಥಾಲಯಗಳವರೆಲ್ಲ ಸೇರಿ ಒಂದು ಮಾತು ಎತ್ತಿದರು. ಮುಂದಿನ ಆವೃತ್ತಿಯನ್ನು ಯಾವುದರ ಮೇಲೆ ಕಟ್ಟುವುದು, ದೊಡ್ಡಕ್ಕನದರ ಮೇಲೋ ಚಿಕ್ಕಿಯದರ ಮೇಲೋ? ಎರಡನ್ನೂ ಸಾಕಲು ಯಾರಿಗೂ ಪುರುಸೊತ್ತಿಲ್ಲ. ಯಾರದನ್ನು ಆರಿಸುತ್ತೇವೋ ಬೀಗದಕೈ ಅವರ ಕೈಯಲ್ಲಿರಲಿ, ಒಳಗಿನ ಹದ ಗೊತ್ತಿರುವುದು ಅವರಿಗೇ ತಾನೆ ಎಂದರು. ತೀರ್ಮಾನ ಹೇಗೆ ಎಂದಾಗ ಒಬ್ಬರು, ದೊಡ್ಡಕ್ಕನ ಪರೀಕ್ಷೆಯೇ ಇದೆಯಲ್ಲ ಎಂದು ಬರೆದರು. ಎಲ್ಲರೂ ಒಪ್ಪಿದರು. ದೊಡ್ಡಕ್ಕ ಬೇಡ ಎನ್ನುವುದಾದರೂ ಹೇಗೆ?

ಪರೀಕ್ಷೆಗೆ ಮೇಷ್ಟ್ರನ್ನು ಕರೆಸಿದರು. ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು, ಶಾಲೆಯ ಗ್ರಂಥಾಲಯವನ್ನೂ ನೋಡಿಕೊಳ್ಳುವವರು. ಪ್ರೋಗ್ರಾಂ ಬರೆಯಬಲ್ಲರು, ಆದರೆ ಈ ಎರಡರ ಒಳಗನ್ನೂ ಕಂಡವರಲ್ಲ. ಎರಡಕ್ಕೂ ಒಂದೇ ಕೆಲಸ. ಆ ಕೆಲಸ ಯಾವುದೆಂದು ಹೇಳುವುದು, ಹಿಂದಿನಿಂದ ಬಂದಂತೆ, ಬೀಗದಕೈ ಇರುವವರು.

ದೊಡ್ಡಕ್ಕ ಆ ಕೆಲಸ ಆರಿಸಿದ್ದನ್ನು ನನಗೆ ಹೇಳುವಾಗ ಅವರ ಮುಖ ಬಹಳ ದಿನಗಳ ಮೇಲೆ ಅರಳಿತ್ತು. ಯಾರೋ ಕಾಯುತ್ತಿರುವ ಪುಸ್ತಕ ವಾಪಸ್ ಬಂದರೆ, ಕೌಂಟರಿನವರು ಅದನ್ನು ಕಪಾಟಿಗೆ ಸೇರಿಸದಂತೆ ಸ್ಕ್ರೀನಿನ ಮೇಲೆ ಎಚ್ಚರಿಕೆ ಕಾಣಬೇಕು. ಇಷ್ಟೇ. ಚಿಕ್ಕಿಯದರಲ್ಲಿ ವಾಪಸಿನ ಕೋಣೆ ಬೇರೆ, ಕಾಯುವವರ ಕೋಣೆ ಬೇರೆ, ಸ್ಕ್ರೀನಿನ ಕೋಣೆ ಬೇರೆ. ಮೇಷ್ಟ್ರು ಮೂರು ಬಾಗಿಲು ತಟ್ಟಬೇಕು. ತಮ್ಮದರಲ್ಲಿ ಎಲ್ಲ ಒಂದೇ ಕಡೆ, ಸರಿಯಾದ ಜಾಗದಲ್ಲಿ ಒಂದು ಸಾಲು ಸೇರಿಸಿದರೆ ಮುಗಿಯಿತು.

"ಒಂದೇ ಸಾಲು," ಎಂದರು. "ನಾನು ನಿದ್ದೆಗಣ್ಣಲ್ಲಿ ಬರೀತೀನಿ."

ಅದು ಚಿಕ್ಕಿಗೆ ಕಷ್ಟವಾಗಲಿ ಎಂದೇ ಆರಿಸಿದ್ದಾ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಆ ಸಂಜೆ ಪ್ರಾರ್ಥನೆಗೆ ಕೂತಾಗ ಇಬ್ಬರ ಹೆಸರನ್ನೂ ಹೇಳಿದೆ, ಏನು ಬೇಡಬೇಕೆಂದು ಮಾತ್ರ ತಿಳಿಯಲಿಲ್ಲ.

ಗ್ರಂಥಾಲಯಕ್ಕೆ ರಜೆಯಿದ್ದ ದಿನ ಪರೀಕ್ಷೆ. ಓದುವ ಕೋಣೆಯಲ್ಲಿ ಕುರ್ಚಿಗಳನ್ನು ಮೇಜುಗಳ ಮೇಲೆ ತಲೆಕೆಳಗಾಗಿ ಇಟ್ಟಿತ್ತು. ನಾವು ನಾಲ್ಕು ಮಾತ್ರ ಇಳಿಸಿಕೊಂಡೆವು. ನನ್ನನ್ನು ಸಾಕ್ಷಿಗೆಂದು ಕೂರಿಸಿದ್ದರು. ಬೀದಿಯಲ್ಲಿ ಯಾರೋ ಕಬ್ಬಿಣದ ಬಾಗಿಲು ಎಳೆಯುವ ಸದ್ದು ಬಿಟ್ಟರೆ ಎಲ್ಲ ನಿಶ್ಶಬ್ದ. ಮೊದಲು ಚಿಕ್ಕಿಯದಾಗಲಿ ಎಂದರು ದೊಡ್ಡಕ್ಕ. ಅದರ ಸುಸ್ತಿನ ಮೇಲೆ ತಮ್ಮದು ಹಗುರವಾಗಿ ಕಾಣಲಿ ಎಂದಿರಬೇಕು.

ಮೇಷ್ಟ್ರು ಗೊಣಗುವ ಸ್ವಭಾವದವರು. ಚಿಕ್ಕಿಯ ಪ್ರೋಗ್ರಾಮನ್ನು ತೆರೆದವರೇ, ಇದೇನು ಇಷ್ಟು ಕೋಣೆ, ಛತ್ರವೋ ಮನೆಯೋ ಎಂದರು. ಒಂದು ಕಡೆ ಹೋದರು, ಬಾಗಿಲು ತಪ್ಪಿತು, ವಾಪಸ್ ಬಂದರು. ಚಿಕ್ಕಿ ಅವರ ಬೆನ್ನ ಹಿಂದೆ ಬೆರಳಿಗೆ ಬೆರಳು ಹೆಣೆದುಕೊಂಡು ಕೂತಿದ್ದಳು, ಕೆಳತುಟಿ ಹಲ್ಲಿನ ನಡುವೆ. ಅವಳಿಗೂ ಇದು ಬೇಕಿತ್ತು ಎಂದು ನನಗೆ ಆಗ ಗೊತ್ತಾಯಿತು. ದೊಡ್ಡಕ್ಕ ಆರಾಮವಾಗಿ ಕಾಲು ಚಾಚಿದ್ದರು. ಮೇಷ್ಟ್ರು ಒಂದು ತಪ್ಪು ಮಾಡಿದರು, ಪ್ರೋಗ್ರಾಮೇ ಅದನ್ನು ತಡೆದು, ಈ ಕೋಣೆಯಿಂದ ಇದನ್ನು ಮಾಡುವ ಹಾಗಿಲ್ಲ, ಆ ಕೋಣೆಯನ್ನು ಕೇಳಿ ಎಂದಿತು. ಓಹೋ ಹಾಗಾ ಎಂದು ಅವರು ಅಲ್ಲಿಗೆ ಹೋದರು. ಮೂರು ಕಡೆ ಬರೆದರು, ಎದ್ದು ಚಹಾ ಕುಡಿದು ಬಂದರು, ಓಡಿಸಿ ನೋಡಿದರು. ಎಚ್ಚರಿಕೆ ಸ್ಕ್ರೀನಿನ ಮೇಲೆ ಬಂತು.

"ಮೂರು ಮನೆ ಬಾಗಿಲು ಬಡಿಯೋ ಹಾಗಾಯ್ತಮ್ಮ," ಎಂದರು ಚಿಕ್ಕಿಗೆ. "ಆದ್ರೆ ಎಲ್ಲಾ ಬಾಗಿಲ ಮೇಲೂ ಹೆಸರಿತ್ತು, ಅಷ್ಟು ಹೇಳಲೇಬೇಕು."

ದೊಡ್ಡಕ್ಕನ ಕಾಲು ಸ್ವಲ್ಪ ಒಳಕ್ಕೆ ಬಂತು. ಆದರೂ ತುಟಿಯ ಮೂಲೆಯಲ್ಲಿ ನಗು ಹಾಗೇ ಇತ್ತು. ಈಗ ಅವರ ಸರದಿ.

ಮೇಷ್ಟ್ರು ದೊಡ್ಡಕ್ಕನದನ್ನು ತೆರೆದು, ಅಬ್ಬ, ಎಲ್ಲ ಒಂದೇ ಕಡೆ ಇದೆ ಎಂದು ಖುಷಿಪಟ್ಟರು. ಪುಸ್ತಕ ವಾಪಸ್ ಪಡೆಯುವ ಜಾಗ ಬೇಗ ಸಿಕ್ಕಿತು. ದೊಡ್ಡಕ್ಕ ನನ್ನ ಕಡೆ ಒಂದು ನೋಟ ಬೀರಿದರು. ಇನ್ನು ಬೇಕಾದ್ದು, ಈ ಪುಸ್ತಕಕ್ಕೆ ಯಾರಾದರೂ ಕಾಯುತ್ತಿದ್ದಾರೆಯೇ ಎಂದು ತಿಳಿಯುವುದು. ಮೇಷ್ಟ್ರು ಕಾಯುವವರು ಎಂದು ಹುಡುಕಿದರು. ಸಿಗಲಿಲ್ಲ. ಸಾಲು ಎಂದು ಹುಡುಕಿದರು, ಸರದಿ ಎಂದು ಹುಡುಕಿದರು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹೋದರು. ಗೊಣಗುವುದು ನಿಂತುಹೋಯಿತು. ಮೇಷ್ಟ್ರು ಗೊಣಗದಿದ್ದರೆ ನಿಜವಾಗಿ ಸಿಕ್ಕಿಬಿದ್ದಿದ್ದಾರೆ ಎಂದರ್ಥ.

ವಿಷಯ ಏನೆಂದರೆ, ದೊಡ್ಡಕ್ಕ ಬರೆಯತೊಡಗಿದ ಕಾಲಕ್ಕೆ ಕಾಯುವವರನ್ನು ಇಡಲು ಜಾಗವನ್ನೇ ಮಾಡಿರಲಿಲ್ಲ. ಯಾರೋ ಓದುಗರು ಆ ಪುಸ್ತಕ ಬಂದರೆ ನನಗಿಡಿ ಎಂದಾಗ, ಹೇಗೂ ಖಾಲಿ ಬಿದ್ದಿದೆಯಲ್ಲ ಎಂದು ಪುಸ್ತಕದ ಷರಾ ಬರೆಯುವ ಜಾಗದಲ್ಲಿ ಒಂದು ನಕ್ಷತ್ರದ ಗುರುತು ಹಾಕಿ ಪಕ್ಕದಲ್ಲಿ ಹೆಸರು ಬರೆದುಬಿಟ್ಟಿದ್ದರು. ಹರಿದಿದೆ, ರಟ್ಟು ಹೋಗಿದೆ ಎಂದು ಬರೆಯುವ ಜಾಗ ಅದು. ಆಮೇಲೆ ಎಲ್ಲ ಕೆಲಸವೂ ಆ ನಕ್ಷತ್ರವನ್ನು ನಂಬಿಕೊಂಡೇ ನಡೆಯಿತು. ದೂರದವರು ಏನೇ ಕೇಳಿದರೂ ದೊಡ್ಡಕ್ಕನೇ ಕೂತು ಬರೆದುಕೊಡುತ್ತಿದ್ದರಿಂದ ಬೇರೆಯವರಿಗೆ ಅದನ್ನು ಹುಡುಕುವ ಪ್ರಸಂಗವೇ ಬಂದಿರಲಿಲ್ಲ. ದೊಡ್ಡಕ್ಕನಿಗೂ ಅದೊಂದು ವಿಚಿತ್ರ ಎಂದು ಮರೆತೇಹೋಗಿತ್ತು.

ಹುಡುಕಿ ಸೋತ ಮೇಷ್ಟ್ರು, ಇವರು ಕಾಯುವವರನ್ನು ಎಲ್ಲೂ ಇಟ್ಟಂತಿಲ್ಲ, ನಾನೇ ಮಾಡುತ್ತೇನೆ ಎಂದು ತಮಗೆ ತಾವೇ ಹೇಳಿಕೊಂಡು ಹೊಸದಾಗಿ ಒಂದು ಸಾಲು ಕಟ್ಟತೊಡಗಿದರು. ಅಚ್ಚುಕಟ್ಟಾಗಿ, ಗಣಿತದವರ ಕೈಯಲ್ಲಿ ಹೇಗೋ ಹಾಗೆ, ಪೂರ್ತಿ ತಪ್ಪು ಜಾಗದಲ್ಲಿ. ಎಷ್ಟೋ ಊರುಗಳ ಕಾಯುವವರು ಷರಾದೊಳಗೆ ನಕ್ಷತ್ರ ಹಿಡಿದು ಕೂತಿದ್ದಾರೆ, ಇವರು ಅವರಿಗೆ ಇನ್ನೊಂದು ಮನೆ ಕಟ್ಟುತ್ತಿದ್ದಾರೆ.

ದೊಡ್ಡಕ್ಕನ ನಗು ಹೋಯಿತು. ಬೆನ್ನು ನೆಟ್ಟಗಾಯಿತು. ಕುರ್ಚಿಯ ಅಂಚನ್ನು ಎರಡು ಕೈಯಿಂದ ಹಿಡಿದುಕೊಂಡರು. ತಮ್ಮ ಸೀರೆಗೆ ಬೇರೆಯವರು ಕತ್ತರಿ ಹಾಕುವುದನ್ನು ನೋಡುವವರಂತೆ ಅವರ ಬಾಯಿ ಒಂದು ಸಲ ತೆರೆದು ಮುಚ್ಚಿತು. ಚಿಕ್ಕಿ ನೆಲ ನೋಡುತ್ತಿದ್ದಳು. ಅವಳಿಗೆ ನಕ್ಷತ್ರ ಗೊತ್ತು, ಊಟದ ಮೇಜಿನ ಮೇಲೆ ಕಲಿತದ್ದು.

"ಅಲ್ಲಲ್ಲ ಮೇಷ್ಟ್ರೇ, ಷರಾದಲ್ಲಿ ನೋಡಿ."

ದೊಡ್ಡಕ್ಕ ಹೇಳಿಯಾಗಿತ್ತು. ಮೇಷ್ಟ್ರ ಬೆರಳು ಕೀಲಿಗಳ ಮೇಲೆ ನಿಂತುಬಿಟ್ಟಿತು. ತಿರುಗಿ ನೋಡಬೇಕೋ ಬೇಡವೋ ಅವರಿಗೆ ತಿಳಿಯಲಿಲ್ಲ.

ಮೊದಲು ಮಾತಾಡಿದ್ದು ಚಿಕ್ಕಿ. "ನನಗೇನೂ ಕೇಳಿಸಲಿಲ್ಲ ಅಕ್ಕ. ಮುಂದುವರೀಲಿ ಬಿಡಿ."

"ನಿನಗೆ ಕೇಳಿಸಿಲ್ಲ ಅಂದ್ರೆ ನಾನು ಹೇಳಿಲ್ಲ ಅಂತ ಆಗತ್ತಾ?"

"ಬಾಯಿತಪ್ಪಿ ಬಂತು, ಅಷ್ಟೇ ತಾನೆ."

"ಬಾಯಿ ತಪ್ಪೋದನ್ನ ನೋಡೋಕೇ ಕಣೇ ಈ ಪರೀಕ್ಷೆ ಇರೋದು." ದೊಡ್ಡಕ್ಕನ ದನಿ ಗಟ್ಟಿಯಾಗಿರಲಿಲ್ಲ, ಆದರೆ ಪ್ರತಿ ಮಾತೂ ಕಚ್ಚಿ ಬರುತ್ತಿತ್ತು. "ನಿಂಗೆ ಗೆಲ್ಲೋಕೂ ಬೇಕು, ಒಳ್ಳೆಯವಳು ಅನ್ನಿಸ್ಕೊಳ್ಳೋಕೂ ಬೇಕು. ಒಂದಾದ್ರೂ ನನಗೆ ಬಿಡು."

ಚಿಕ್ಕಿಯ ಮುಖ ಕೆಂಪಾಯಿತು. ಹೆಣೆದ ಬೆರಳು ಬಿಡಿಸಿ ಹೇಳಿದಳು, "ಗೆಲ್ಲೋಕೆ ಬೇಕು ಅಕ್ಕ. ಸುಳ್ಳು ಹೇಳಲ್ಲ. ನೀವು ಕೆಲಸ ಆರಿಸಿದ ದಿನದಿಂದ ಸರಿಯಾಗಿ ಊಟ ಸೇರಿಲ್ಲ ನಂಗೆ."

ಆ ಮಾತು ದೊಡ್ಡಕ್ಕನಿಗೆ ಹಿಡಿಸಿತೆಂದು ಕಾಣುತ್ತದೆ. ಆ ದಿನ ಅವರಿಗೆ ಹಿಡಿಸಿದ್ದು ಅದೊಂದೇ ಇರಬೇಕು. ಮೇಷ್ಟ್ರನ್ನು ಎಬ್ಬಿಸಿ ತಾವೇ ಕಂಪ್ಯೂಟರಿನ ಮುಂದೆ ಕೂತರು. ಸಿಟ್ಟಿನಲ್ಲಿ ಒಂದೇ ಸಾಲು ಬರೆದರು. ಎಚ್ಚರಿಕೆ ಕೂಡಲೇ ಸ್ಕ್ರೀನಿನ ಮೇಲೆ ಬಂತು. ಅವರು ಹೇಳಿದ್ದು ನಿಜವೇ, ಒಂದೇ ಸಾಲು. ಅದನ್ನು ನೋಡುತ್ತಾ ತುಂಬಾ ಹೊತ್ತು ಕೂತರು. ಆಮೇಲೆ ಆ ಸಾಲನ್ನು ಅಳಿಸಿ, ಎಲ್ಲ ಗ್ರಂಥಾಲಯಗಳವರೂ ಓದುವ ಜಾಗ ತೆರೆದು ಬರೆಯತೊಡಗಿದರು. ನಾವು ಹಿಂದೆ ನಿಂತಿರುವುದು ಗೊತ್ತಿದ್ದೂ ಮರೆಮಾಡಲಿಲ್ಲ.

ಪರೀಕ್ಷೆಯಲ್ಲಿ ನಾನು ಬಾಯಿ ಬಿಟ್ಟೆ, ಆದ್ದರಿಂದ ನನ್ನ ವಿನ್ಯಾಸ ಸೋತಿದೆ. ಕೆಲಸವನ್ನು ಆರಿಸಿದವಳು ನಾನು. ನನ್ನದರಲ್ಲಿ ಸುಲಭ, ಅವಳದರಲ್ಲಿ ಕಷ್ಟ ಎಂದೇ ಆರಿಸಿದೆ. ಸುಲಭವಿದ್ದದ್ದು ನನಗೊಬ್ಬಳಿಗೆ. ಇಷ್ಟು ಬರೆದು, ಒಂದು ಸಲವೂ ಓದಿ ನೋಡದೆ ಕಳಿಸಿದರು.

ಬೀಗದಕೈ ಕೊಡುವುದೆಂದರೆ ನಾನು ಏನೋ ದೊಡ್ಡ ವ್ಯವಹಾರ ಎಂದುಕೊಂಡಿದ್ದೆ. ಒಂದು ಹೆಸರಿನ ಎದುರು ಗುರುತು ತೆಗೆದು ಇನ್ನೊಂದರ ಎದುರು ಹಾಕುವುದು, ಅಷ್ಟೇ. ಖಚಿತವೇ ಎಂದು ಕಂಪ್ಯೂಟರು ಕೇಳಿತು. ಕೇಳದಿದ್ದರೆ ಆಗುತ್ತಿರಲಿಲ್ಲವೇ ಎಂದು ದೊಡ್ಡಕ್ಕ ಅದಕ್ಕೆ ಬೈದು ಒತ್ತಿದರು. ಚಿಕ್ಕಿ ಥ್ಯಾಂಕ್ಸ್ ಅಕ್ಕ ಎನ್ನಲು ಬಾಯಿ ತೆರೆದಳು, ಅವರ ಮುಖ ನೋಡಿ ಮುಚ್ಚಿದಳು.

ಮನೆಯಲ್ಲಿ ಕೆಲವು ದಿನ ದೊಡ್ಡಕ್ಕ ಮಾತು ಕಡಿಮೆ ಮಾಡಿದರಂತೆ. ಅತ್ತೆ ಕೇಳಿದ್ದಕ್ಕೆ, ಅವಳ ಮನೆಯಲ್ಲಿ ಕೋಣೆ ಜಾಸ್ತಿ, ದಾರಿ ಕಲಿಯುತ್ತಿದ್ದೇನೆ ಎಂದರಂತೆ. ಅತ್ತೆಗೆ ಅರ್ಥವಾಗಲಿಲ್ಲ, ಕೆದಕಲೂ ಇಲ್ಲ. ಕೌಂಟರಿನಲ್ಲಿ ಮಾತ್ರ ಊಟದ ಬಿಡುವಿಗೆ ಚಿಕ್ಕಿಯ ಪ್ರೋಗ್ರಾಂ ತೆರೆಯುವುದು ನಿಲ್ಲಲಿಲ್ಲ. ಹೊಟ್ಟೆಕಿಚ್ಚು ಆರಿತೇ ಎಂದರೆ ಇಲ್ಲ. ಚೆನ್ನಾಗಿರುವ ಜಾಗ ಬಂದಾಗ ಈಗಲೂ ಅವರ ಮೂಗಿನ ಹೊಳ್ಳೆ ಅರಳುತ್ತದೆ. ಅತ್ತಿತ್ತ ನೋಡುವುದನ್ನು ಮಾತ್ರ ಬಿಟ್ಟಿದ್ದಾರೆ.

ಹೊಸ ಪ್ರೋಗ್ರಾಮಿಗೆ ಅವರು ಮೊದಲ ಸಲ ಒಂದು ತಿದ್ದುಪಡಿ ಬರೆದು ಕಳಿಸಿದ್ದು ಮೊನ್ನೆ. ಹಳೆಯ ಷರಾಗಳಲ್ಲಿ ನಕ್ಷತ್ರ ಹಿಡಿದು ಕೂತಿದ್ದ ಹೆಸರುಗಳನ್ನೆಲ್ಲ ಹೊಸ ಕೋಣೆಗೆ ಸಾಗಿಸುವ ಕೆಲಸ ಅದು. ಅವರಷ್ಟು ಚೆನ್ನಾಗಿ ಅದನ್ನು ಇನ್ನಾರೂ ಮಾಡಲಾರರು. ಚಿಕ್ಕಿ ಕಣ್ಣು ಮುಚ್ಚಿ ಸೇರಿಸಿಬಿಡುತ್ತಾಳೆ ಎಂದು ನಾನು ತಿಳಿದಿದ್ದೆ. ಮಧ್ಯಾಹ್ನ ದೊಡ್ಡಕ್ಕ ಸ್ಕ್ರೀನಿನ ಮುಂದೆ ಕೂತು ಉಸಿರು ಒಳಕ್ಕೆಳೆದುಕೊಂಡದ್ದು ನನ್ನ ಮೇಜಿಗೂ ಕೇಳಿಸಿತು. ಚಿಕ್ಕಿ ಅದನ್ನು ಮೂರು ಆಕ್ಷೇಪಣೆ ಬರೆದು ವಾಪಸ್ ಕಳಿಸಿದ್ದಳು.

ಎರಡು ಸರಿ ಇವೆ ಎಂದರು ದೊಡ್ಡಕ್ಕ ಕೊನೆಗೆ, ಬಲು ಕಷ್ಟದಿಂದ. ತಿದ್ದಿದರು. ಮೂರನೆಯದು ಶುದ್ಧ ತಲೆಹರಟೆಯಂತೆ. ಅದರ ಮೇಲೆ ಇಬ್ಬರಿಗೂ ಎಲ್ಲರೆದುರು ಜಗಳ ನಡೆದಿದೆ, ಇನ್ನೂ ಮುಗಿದಿಲ್ಲ. ದೂರದ ಗ್ರಂಥಾಲಯಗಳವರು ಮಧ್ಯೆ ಬಾಯಿ ಹಾಕದೆ ಓದುತ್ತಿದ್ದಾರೆ.